"ಡೇಟಾ ಏನೂ ಬೇಡ ಅಣ್ಣಾ" ಅಂದವರಿಗೆ ನಾನು ಕೇಳುವ ಪ್ರಶ್ನೆ

ದಾವಣಗೆರೆಯ ಪಿ.ಬಿ. ರಸ್ತೆ ಹತ್ತಿರ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಬರುವವರು ಮೆಷಿನ್ ಮೇಜಿನ ಮೇಲಿಟ್ಟು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಸ್ಲೋ ಆಗಿದೆ, ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಿಕೊಡಿ. ಡೇಟಾ ಏನೂ ಬೇಡ ಅಣ್ಣಾ." 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ ಇಂಥವರು ಇನ್ನೂ ಜಾಸ್ತಿ.

ಆ ಕೊನೆಯ ಮಾತನ್ನು ನಾನು ಹಾಗೇ ಒಪ್ಪಿಕೊಳ್ಳುವುದಿಲ್ಲ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಡೇಟಾ ಎಲ್ಲಿ ಕೂತಿದೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಕಾಣುವುದಷ್ಟೇ ಡೇಟಾ ಅಂದುಕೊಂಡಿರುತ್ತಾರೆ. ಅದಕ್ಕೇ "ಡೇಟಾ ಬೇಕಾ?" ಅನ್ನುವುದನ್ನು ಬಿಟ್ಟು, "ಇದರಲ್ಲಿ ದಿನಾ ಏನು ಕೆಲಸ ಮಾಡ್ತೀರಿ?" ಅಂತ ಕೇಳುತ್ತೇನೆ.

ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಯಜಮಾನರೊಬ್ಬರು ಹೀಗೇ ಬಂದಿದ್ದರು. ಕೇಳಿದೆ. "ಏನಿಲ್ರೀ, ಮಗ ಸಿನಿಮಾ ನೋಡ್ತಾನೆ, ನಾನು ಲೆಕ್ಕ ಬರೀತೀನಿ, ಅಷ್ಟೆ" ಅಂದರು. ಲೆಕ್ಕ ಯಾವುದರಲ್ಲಿ? ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ. ಅಂದರೆ ಇಡೀ ವ್ಯಾಪಾರವೇ ಅದರೊಳಗಿತ್ತು. ಟ್ಯಾಲಿ ತನ್ನ ಡೇಟಾವನ್ನು ಡಾಕ್ಯುಮೆಂಟ್ಸ್‌ನಲ್ಲಿ ಇಡುವುದಿಲ್ಲ. ಅದರ ಈಗಿನ ಆವೃತ್ತಿ ಟ್ಯಾಲಿಪ್ರೈಮ್ ಆದರೆ ಸಾಮಾನ್ಯವಾಗಿ ಸಿ ಡ್ರೈವ್‌ನ ಯೂಸರ್ಸ್, ಅದರೊಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿಪ್ರೈಮ್, ಅಲ್ಲಿ ಡೇಟಾ ಫೋಲ್ಡರ್. ತೆರೆದರೆ ಅಂಗಡಿಯ ಹೆಸರೂ ಕಾಣುವುದಿಲ್ಲ, ಬರೀ ಅಂಕಿಗಳು. ಗೊತ್ತಿಲ್ಲದವರು ಏನೋ ಬೇಡದ ಫೈಲ್ ಅಂದುಕೊಂಡು ಬಿಟ್ಟುಬಿಡುತ್ತಾರೆ. ಕಂಪನಿ ಆರಿಸುವ ಪರದೆಯಲ್ಲೇ ಡೇಟಾ ಪಾತ್ ತೋರಿಸುತ್ತದೆ, ಅದನ್ನು ನೋಡಿಕೊಂಡು ಹೋದರೆ ತಪ್ಪುವುದಿಲ್ಲ. ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್ನೊಂದು ಮೆಷಿನ್‌ನಲ್ಲಿ ತೆರೆದು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಹಿಂದಿನ ದಿನದ ಬಿಲ್ಲಿನ ಲಾರಿ ನಂಬರ್ ಓದಿದರು. "ಹೌದು, ಇದೇ" ಅಂದರು. ಆಮೇಲೆಯೇ ಫಾರ್ಮ್ಯಾಟ್. ಕಾಪಿ ಆಯ್ತು ಅಂತ ಕಂಪ್ಯೂಟರ್ ಹೇಳಿದರೆ ಸಾಲದು, ಮಾಲೀಕರೇ ತೆರೆದು ನೋಡಬೇಕು.

ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸುವ ಡಿಟಿಪಿಯವರದ್ದು (ಪುಸ್ತಕ, ಕರಪತ್ರಗಳ ಪುಟ ಜೋಡಿಸುವವರು) ಬೇರೆ ತೊಂದರೆ. ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ಫೈಲ್‌ಗಳು ಹೊಸ ವಿಂಡೋಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಹಾಳಾಯಿತು ಅಂತ ಜೀವವೇ ಹೋದಂತೆ ಆಡುತ್ತಾರೆ ಪಾಪ. ಹಾಳಾಗಿರುವುದಿಲ್ಲ, ಫಾಂಟ್ ಇರುವುದಿಲ್ಲ ಅಷ್ಟೆ. ಅದಕ್ಕೇ ಫಾಂಟ್ಸ್ ಫೋಲ್ಡರನ್ನೂ ಮೊದಲೇ ತೆಗೆದಿಟ್ಟುಕೊಳ್ಳುತ್ತೇನೆ.

ಇನ್ನು "ಎಲ್ಲಾ ಡಿ ಡ್ರೈವ್‌ನಲ್ಲಿದೆ, ಅದಕ್ಕೇನೂ ಆಗಲ್ಲ" ಅನ್ನುವವರು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗಗಳು. ವಿಂಡೋಸ್ ಹಾಕುವಾಗ ಬರುವ ಪಟ್ಟಿಯಲ್ಲಿ ಸಿ, ಡಿ ಅಂತ ಇರುವುದೇ ಇಲ್ಲ. ಡಿಸ್ಕ್ 0, ಪಾರ್ಟಿಷನ್ 1, 2, 3 ಅಂತ ಬರುತ್ತದೆ. ಎಲ್ಲಾ ಡಿಲೀಟ್ ಮಾಡಿದರೆ ಡಿ ಕೂಡ ಹೋಯಿತು. ಯಾವುದು ಎಷ್ಟು ಜಿಬಿ ಅಂತ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳಲ್ಲೇ ಡೇಟಾ ಇಡುವ ವೇಗದ ಡಿಸ್ಕ್) ಜೊತೆಗೆ ಹಳೇ ಹಾರ್ಡ್‌ಡಿಸ್ಕ್ ಕೂಡ ಇದ್ದರೆ, ಅದನ್ನು ಬಿಚ್ಚಿ ಪಕ್ಕಕ್ಕಿಟ್ಟೇ ಕೆಲಸ ಶುರು ಮಾಡುತ್ತೇನೆ.

ಈಗಿನ ವಿಂಡೋಸ್ 11 ಮೆಷಿನ್‌ಗಳಲ್ಲಿ ಇನ್ನೊಂದು ವಿಷಯ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಎಷ್ಟೋ ಸಲ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ವಿಂಡೋಸ್ ಕೆಟ್ಟಿದೆ ಅಂತ ಡಿಸ್ಕ್ ತೆಗೆದು ಬೇರೆ ಕಡೆ ಹಾಕಿದರೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಅವರ ಖಾತೆಯಲ್ಲೇ ಇರುತ್ತದೆ, ಆದರೆ ಯಾವ ಇಮೇಲ್ ಕೊಟ್ಟಿದ್ದೆವು ಅನ್ನುವುದೇ ಮರೆತಿರುತ್ತದೆ. ಮೆಷಿನ್ ಚೆನ್ನಾಗಿರುವಾಗಲೇ ಆ ಕೀ ಬರೆದಿಟ್ಟುಕೊಳ್ಳಿ, ದಯವಿಟ್ಟು.

ಮಾರುವುದಕ್ಕೆ ಅಂತ ಬಂದರೆ ನನ್ನ ಪ್ರಶ್ನೆ ಬೇರೆ: "ಇದು ಯಾರ ಕೈಗೆ ಹೋಗುತ್ತೆ?" ಕೊನೆಯ ವರ್ಷ ಮುಗಿಸಿದ ಇಂಜಿನಿಯರಿಂಗ್ ಹುಡುಗರು ಜೂನಿಯರ್‌ಗಳಿಗೋ ಗುರುತಿಲ್ಲದವರಿಗೋ ಮಾರುತ್ತಾರೆ. ಕ್ವಿಕ್ ಫಾರ್ಮ್ಯಾಟ್ (ಕ್ಷಣದಲ್ಲಿ ಮುಗಿಯುವ ಮೇಲುಮೇಲಿನ ಫಾರ್ಮ್ಯಾಟ್) ಆದ ಹಾರ್ಡ್‌ಡಿಸ್ಕ್‌ನಲ್ಲಿ ಫೈಲ್‌ಗಳ ಪಟ್ಟಿ ಮಾತ್ರ ಹೋಗಿರುತ್ತದೆ, ಫೈಲ್‌ಗಳು ಅಲ್ಲೇ ಇರುತ್ತವೆ. ನಂಬದ ಹುಡುಗಿಯೊಬ್ಬಳ ಡಿಸ್ಕ್‌ಗೆ ಅವಳೆದುರೇ ಫೋಟೋರೆಕ್ ಓಡಿಸಿದೆ. ಅದು ಅಳಿಸಿಹೋದ ಫೈಲ್‌ಗಳನ್ನು ಹುಡುಕಿ ತೆಗೆಯುವ, ಉಚಿತವಾಗಿ ಸಿಗುವ ಸಾಫ್ಟ್‌ವೇರ್. ಹೆಸರಿಲ್ಲದ ಫೈಲ್‌ಗಳು ಸಾಲಾಗಿ ಬಂದವು. ಆಧಾರ್ ಕಾರ್ಡ್, ಅಪ್ಪನ ಪಾಸ್‌ಬುಕ್, ಹಾಸ್ಟೆಲ್ ಫೋಟೋಗಳು. "ಸಾಕು ಅಣ್ಣಾ, ಮುಚ್ಚಿ" ಅಂದಳು.

ಹಾರ್ಡ್‌ಡಿಸ್ಕ್ ಆದರೆ ಪೂರ್ತಿಯಾಗಿ ಒಂದು ಸಲ ಸೊನ್ನೆ ಬರೆದರೆ ಸಾಕು. ವಿಂಡೋಸ್‌ನಲ್ಲೇ ಇರುವ ಡಿಸ್ಕ್‌ಪಾರ್ಟ್ ಅನ್ನುವ ಟೂಲ್‌ನಲ್ಲಿ "ಕ್ಲೀನ್ ಆಲ್" ಕೊಟ್ಟರೆ ಅದೇ ಆಗುತ್ತದೆ. ಬರೀ "ಕ್ಲೀನ್" ಕೊಟ್ಟರೆ ಆಗುವುದಿಲ್ಲ. ವಿಂಡೋಸ್‌ನ ರೀಸೆಟ್‌ನಿಂದ ಮಾಡುವುದಾದರೆ "ಕ್ಲೀನ್ ಡೇಟಾ" ಆಯ್ಕೆ ಆನ್ ಮಾಡಬೇಕು. ಎಸ್‌ಎಸ್‌ಡಿಗೆ ಈ ಸೊನ್ನೆ ಬರೆಯುವ ದಾರಿ ಪೂರ್ತಿ ನಂಬುವಂಥದ್ದಲ್ಲ. ಯಾವ ಡೇಟಾ ಯಾವ ಚಿಪ್‌ನಲ್ಲಿ ಎಲ್ಲಿರಬೇಕು ಅಂತ ಅದು ತಾನೇ ತೀರ್ಮಾನಿಸುತ್ತದೆ, ಹಳೇ ತುಣುಕು ಎಲ್ಲೋ ಉಳಿದುಬಿಡಬಹುದು. ಅದಕ್ಕೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್ ಪರದೆ) ಇದ್ದರೆ ಸೆಕ್ಯೂರ್ ಎರೇಸ್ (ಡಿಸ್ಕ್ ತನ್ನನ್ನು ತಾನೇ ಪೂರ್ತಿ ಒರೆಸಿಕೊಳ್ಳುವ ಆಯ್ಕೆ), ಇಲ್ಲವಾದರೆ ಎಸ್‌ಎಸ್‌ಡಿ ಕಂಪನಿಯದೇ ಸಾಫ್ಟ್‌ವೇರ್.

ಹಾರ್ಡ್‌ಡಿಸ್ಕ್ ಒರೆಸುವುದಕ್ಕೆ ಗಂಟೆಗಟ್ಟಲೆ ಬೇಕು. ಸಂಜೆಗೇ ಬೇಕು ಅನ್ನುವವರಿಗೆ ಹಳೇ ಡಿಸ್ಕ್ ಬಿಚ್ಚಿ ಅವರ ಕೈಗೇ ಕೊಟ್ಟು, ಬೇರೆ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹಾಕಿಕೊಡುತ್ತೇನೆ. ಲ್ಯಾಪ್‌ಟಾಪ್ ಜೊತೆ ಬಂದ ಲೈಸೆನ್ಸ್ ಮದರ್‌ಬೋರ್ಡ್ ಜೊತೆಗೇ ಇರುತ್ತದೆ. ಅದೇ ಎಡಿಷನ್ (ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ) ಹಾಕಿದರೆ, ಡಿಸ್ಕ್ ಬದಲಾದರೂ ಇಂಟರ್ನೆಟ್ ಸಿಕ್ಕ ಮೇಲೆ ತಾನಾಗೇ ಆಕ್ಟಿವೇಟ್ ಆಗುತ್ತದೆ.