ಕಾರು ನೋಡುವ ಮುಂಚೆ ಅದರ ಮೇಲಿನ ದೂರು ಓದಿ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಕೇಳುವುದು ಎಷ್ಟು ಕಿಲೋಮೀಟರ್ ಓಡಿದೆ, ಎಷ್ಟನೇ ಓನರ್, ಇನ್ಶೂರೆನ್ಸ್ ಯಾವಾಗಿನವರೆಗೆ ಇದೆ ಅಂತ. ಆಮೇಲೆ ಪರಿಚಯದ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋಗಿ ಬಾನೆಟ್ ಎತ್ತಿಸುತ್ತಾರೆ. ಇದೆಲ್ಲ ಬೇಕೇ ಬೇಕು. ಆದರೆ ಅದೇ ಮಾಡೆಲ್, ಅದೇ ವರ್ಷದ ಕಾರು ಓಡಿಸಿದ ಬೇರೆಯವರಿಗೆ ಏನಾಯಿತು ಅಂತ ಹುಡುಕುವವರು ತುಂಬಾ ಕಡಿಮೆ. ನನ್ನ ಪ್ರಕಾರ ಮೊದಲ ಕೆಲಸವೇ ಅದು. ಅದನ್ನೂ ಮನೆ ಬಿಡುವ ಮುಂಚೆ ಮಾಡಬೇಕು, ಯಾಕೆಂದರೆ ಬಣ್ಣ ಇಷ್ಟವಾಗಿ, ಮಕ್ಕಳು ಹಿಂದಿನ ಸೀಟಿನಲ್ಲಿ ಕೂತು ಖುಷಿಪಟ್ಟ ಮೇಲೆ ದೂರು ಓದುವ ಮನಸ್ಸು ಯಾರಿಗೆ ಬರುತ್ತದೆ?

ಅಮೆರಿಕದಲ್ಲಿ ಈ ಕೆಲಸ ಸುಲಭ. ಅಲ್ಲಿ ರಸ್ತೆ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಕಾರು ಮಾಲೀಕರ ದೂರುಗಳನ್ನು ಎಲ್ಲರೂ ಓದುವಂತೆ ತನ್ನ ವೆಬ್‌ಸೈಟಿನಲ್ಲಿ ಇಟ್ಟಿದೆ. ಮಾಡೆಲ್, ವರ್ಷ ಹಾಕಿದರೆ ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್ ಅಂತ ಯಾವ ಭಾಗದ ಮೇಲೆ ಏನು ದೂರು ಅಂತ ಬರುತ್ತದೆ. ಸುಮ್ನೆ ಬೇರೆ ದೇಶದ ವಿಷಯ ಅಂತ ಬಿಡಬೇಡಿ. ಹೋಂಡಾ ಸಿವಿಕ್, ಟೊಯೊಟಾ ಕೊರೊಲ್ಲಾ, ಹ್ಯುಂಡೈ ಎಲಾಂಟ್ರಾ ಎರಡೂ ಕಡೆ ಮಾರಾಟವಾದ ಹೆಸರುಗಳು. ಎಂಜಿನ್, ಬಿಡಿಭಾಗ ಬೇರೆ ಇರಬಹುದು, ಹಾಗಾಗಿ ಅಲ್ಲಿನ ದೂರು ಇಲ್ಲಿನ ಕಾರಿಗೆ ತೀರ್ಪಲ್ಲ. ಎಲ್ಲಿ ನೋಡಬೇಕು ಅಂತ ತೋರಿಸುತ್ತದೆ, ಅಷ್ಟೇ.

ದೂರಿಗೆ ಎಷ್ಟು ಬೆಲೆ ಅಂತ ತಿಳಿಯಲು ಜನರಲ್ ಮೋಟರ್ಸ್‌ನ ಇಗ್ನಿಷನ್ ಸ್ವಿಚ್ ಪ್ರಕರಣ ನೋಡಿ. ಕಾರು ಓಡುತ್ತಿರುವಾಗಲೇ ಕೀ ಜಾರಿ ಎಂಜಿನ್ ಆಫ್ ಆಗುತ್ತಿತ್ತು, ಸ್ಟೀರಿಂಗ್ ಬಿಗಿಯಾಗುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಮಾಲೀಕರು ವರ್ಷಗಳಿಂದ ದೂರು ಬರೆಯುತ್ತಲೇ ಇದ್ದರು. ಕಂಪನಿ ಕಾರುಗಳನ್ನು ರಿಪೇರಿಗೆ ವಾಪಸ್ ಕರೆಸಿದ್ದು, ಅಂದರೆ ರೀಕಾಲ್ ಮಾಡಿದ್ದು, 2014ರಲ್ಲಿ. ಕೊನೆಗೆ ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ರೀಕಾಲ್ ಆಗಿಲ್ಲ ಅಂದರೆ ಕಾರು ಸರಿಯಿದೆ ಅಂತ ಅಲ್ಲ, ಈ ಮಾತು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನು ಓದುವ ರೀತಿ. ಎಷ್ಟು ದೂರು ಅಂತ ಎಣಿಸಿ ಹೆದರಬೇಡಿ. ಜಾಸ್ತಿ ಮಾರಾಟವಾದ ಕಾರಿಗೆ ದೂರೂ ಜಾಸ್ತಿ ಇರುತ್ತದೆ, ಅಲ್ವಾ? ಬರೆದವರೆಲ್ಲ ಸರಿಯಾಗಿಯೇ ಕಾರಣ ಹಿಡಿದಿರುತ್ತಾರೆ ಅಂತಲೂ ಇಲ್ಲ. ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಇಲ್ಲಿ ಒಂದೇ ದೂರು ಸಾಲದು. ನಾನು ಹುಡುಕುವುದು ಒಬ್ಬರನ್ನೊಬ್ಬರು ಕಂಡೇ ಇರದ ಜನ ಒಂದೇ ತರಹದ ಮಾತು ಹೇಳಿರುವುದನ್ನು: "ಸಿಗ್ನಲ್‌ನಲ್ಲಿ ನಿಂತಾಗ ತಾನಾಗಿ ಆಫ್ ಆಯಿತು", "ಬ್ರೇಕ್ ಪೆಡಲ್ ಒಳಗೇ ಹೋಯಿತು", ಅದೂ ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರ್ ಓಡಿದ ಮೇಲೆ. ನಿಲ್ಲದಿರುವುದು, ತಿರುಗದಿರುವುದು, ಓಡುತ್ತಾ ಬಂದ್ ಆಗುವುದು, ಬೆಂಕಿ, ತೆರೆಯದ ಏರ್‌ಬ್ಯಾಗ್, ಇವು ನಾಲ್ಕೈದು ಬಾರಿ ಕಂಡರೂ ನನಗೆ ಸಾಕು. ಟಚ್ ಸ್ಕ್ರೀನ್ ಹ್ಯಾಂಗ್ ಆಗುತ್ತದೆ ಅನ್ನುವ ನೂರು ದೂರು ಇದ್ದರೂ ನನಗೆ ಲೆಕ್ಕವಿಲ್ಲ.

ನಮ್ಮಲ್ಲೂ ರೀಕಾಲ್‌ಗೆ ಕಾನೂನು ಬಂದಿದೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 110ಎ ಅನ್ನುವ ಸೆಕ್ಷನ್ ಸೇರಿತು. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದ ಪ್ರಕಾರ ಏಳು ವರ್ಷ ದಾಟದ ವಾಹನದ ಬಗ್ಗೆ ಸಾಕಷ್ಟು ದೂರು ಬಂದರೆ ಸರ್ಕಾರವೇ ರೀಕಾಲ್‌ಗೆ ಆದೇಶ ಕೊಡಬಹುದು. ಅದಕ್ಕಿಂತ ಮುಂಚೆಯೇ, 2012ರಿಂದ, ಕಂಪನಿಗಳು ಸ್ವಯಂಪ್ರೇರಿತವಾಗಿ ಮಾಡಿದ ರೀಕಾಲ್‌ಗಳ ಪಟ್ಟಿಯನ್ನು ತಯಾರಕರ ಸಂಘ ಸಿಯಾಮ್ ಇಡುತ್ತಾ ಬಂದಿದೆ. ಇದರ ಜೊತೆಗೆ ನಾನು ಕ್ಯಾಬ್ ಡ್ರೈವರ್‌ಗಳನ್ನು ಕೇಳುತ್ತೇನೆ. ಏರ್‌ಪೋರ್ಟ್‌ಗೂ ಎಲೆಕ್ಟ್ರಾನಿಕ್ ಸಿಟಿಗೂ ದಿನಾ ಅದೇ ಮಾಡೆಲ್ ಓಡಿಸುವವರಿಗೆ ಅದರ ಕಾಯಿಲೆ ಗೊತ್ತಿರುವಷ್ಟು ಶೋರೂಮ್‌ನವರಿಗೂ ಗೊತ್ತಿರುವುದಿಲ್ಲ.

ದೂರು ಓದಿದ ಮೇಲೆ ಅದನ್ನು ಆ ಒಂದು ಕಾರಿನ ಮೇಲೆ ಪರೀಕ್ಷೆ ಮಾಡಬೇಕು. ಒಂದು ಉದಾಹರಣೆ: 2020ರ ಜುಲೈನಲ್ಲಿ ಮಾರುತಿ 1,34,885 ವ್ಯಾಗನ್ ಆರ್ ಮತ್ತು ಬಲೆನೊ ಕಾರುಗಳನ್ನು ಫ್ಯುಯಲ್ ಪಂಪ್ ಪರೀಕ್ಷೆಗೆ ಕರೆಸಿತು. ಪಂಪ್ ಕೈಕೊಟ್ಟರೆ ಎಂಜಿನ್ ಬಂದ್. ಹೆಬ್ಬಾಳ ಫ್ಲೈಓವರ್ ಮೇಲೆ, ಹಿಂದೆ ಬಿಎಂಟಿಸಿ ಬಸ್ ಇರುವಾಗ ಹಾಗಾದರೆ? 2019ರ ಆ ಕಾರು ನೋಡುತ್ತಿದ್ದೀರಿ ಅಂದುಕೊಳ್ಳಿ, ಆರ್‌ಸಿಯಲ್ಲಿರುವ ಚಾಸಿ ನಂಬರ್ ತೆಗೆದುಕೊಂಡು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಅದು ಪಟ್ಟಿಯಲ್ಲಿದ್ದರೆ ಪಂಪ್ ಪರೀಕ್ಷಿಸಿದ ಅಥವಾ ಬದಲಾಯಿಸಿದ ಸರ್ವಿಸ್ ದಾಖಲೆ ಕೇಳಿ. ರೀಕಾಲ್ ಕೆಲಸಕ್ಕೆ ಕಂಪನಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಓನರ್ ಇನ್ನೂ ಮಾಡಿಸಿಲ್ಲ ಅಂದರೆ ಮಾಡಿಸಿಕೊಟ್ಟ ಮೇಲೆ ಅಡ್ವಾನ್ಸ್ ಅನ್ನಿ. ಚಾಸಿ ನಂಬರ್ ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ಎಷ್ಟೇ ಕಡಿಮೆ ರೇಟಿಗೆ ಸಿಕ್ಕಿದರೂ ಕಾರು ಬೇಡ.

ನಮ್ಮ ಊರಿನಲ್ಲಿ ಇನ್ನೊಂದು ಅಪಾಯವಿದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕಾರುಗಳು ನೀರಿನಲ್ಲಿ ನಿಂತಿದ್ದನ್ನು ಎಲ್ಲರೂ ನೋಡಿದ್ದೇವೆ. ಬಹಳಷ್ಟು ಕಾರುಗಳಲ್ಲಿ ಏರ್‌ಬ್ಯಾಗ್ ಕಂಟ್ರೋಲರ್ ಇರುವುದು ಗೇರ್ ಲಿವರ್ ಪಕ್ಕದಲ್ಲೇ, ನೆಲಕ್ಕೆ ಹತ್ತಿರ, ಹಾಗಾಗಿ ನೀರು ಹೊಕ್ಕರೆ ಅದು ಕೆಡಬಹುದು. ನೀರು ಕುಡಿದ ಕಾರು ಆ ಮಾಡೆಲ್‌ನ ದೂರಿನ ಪಟ್ಟಿಯಲ್ಲಿ ಸಿಗುವುದಿಲ್ಲ, ಏಕೆಂದರೆ ಅದು ಮಾಡೆಲ್‌ನ ದೋಷವಲ್ಲ. ಸೀಟಿನ ಕೆಳಗಿನ ಬೋಲ್ಟ್‌ಗೆ ತುಕ್ಕು ಹಿಡಿದಿದೆಯಾ ನೋಡಿ, ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಕಲೆ ಇದೆಯಾ ನೋಡಿ, ಮ್ಯಾಟ್ ಎತ್ತಿ ಮೂಸಿ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ಲೈಟ್ ಹತ್ತಿ ಆರಬೇಕು. ಹತ್ತದೇ ಇದ್ದರೆ ಯಾರೋ ಆ ಲೈಟನ್ನೇ ಕಿತ್ತಿಟ್ಟಿರಬಹುದು.

ಕೊಂಡ ಮೇಲೆ ಆರ್‌ಸಿ ನಿಮ್ಮ ಹೆಸರಿಗೆ ಬಂದ ವಾರವೇ ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ ನಿಮ್ಮ ಮೊಬೈಲ್ ನಂಬರ್ ಬರೆಸಿ. ಇಲ್ಲದಿದ್ದರೆ ನಾಳೆ ರೀಕಾಲ್ ಬಂದರೂ ಮೆಸೇಜ್ ಹೋಗುವುದು ಹಳೆಯ ಓನರ್‌ಗೆ.