ಪತಂಗಕ್ಕೆ ಊಟ ಏನು ಹಾಕ್ತೀರಾ?

ಜಾಲರಿ ಪೆಟ್ಟಿಗೆಯಲ್ಲಿ ನೇತುಹಾಕಿರುವ ಟಸಾರ್ ಎಂಬ ಕಾಡು ರೇಷ್ಮೆ ಪತಂಗದ ಗೂಡುಗಳನ್ನು ನೋಡಿದವರೆಲ್ಲ ನನ್ನನ್ನು ಕೇಳುವುದು ಇದನ್ನೇ. ಉತ್ತರ ಚಿಕ್ಕದು: ಏನೂ ಹಾಕುವುದಿಲ್ಲ. ಸಕ್ಕರೆ ನೀರೂ ಬೇಡ, ಹೂವೂ ಬೇಡ. ಅದಕ್ಕೆ ತಿನ್ನುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಮತ್ತಿ, ಎಲಚಿ, ಬಾದಾಮಿ ಮರದ ಎಲೆ ಮೇಯ್ದು ಮೈಯಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ಒಂದು ವಾರ, ಹತ್ತು ದಿನ ಬದುಕಿ, ಜೋಡಿಯಾಗಿ, ಮೊಟ್ಟೆಯಿಟ್ಟು ಸಾಯುತ್ತದೆ.

ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದ ಕಡೆಯವರೂ ಇದನ್ನು ಕೇಳುತ್ತಾರೆ, ಅದರಲ್ಲಿ ಆಶ್ಚರ್ಯವಿಲ್ಲ. ಮಾರುಕಟ್ಟೆಯಲ್ಲಿ ದಿನಾ ರಾಶಿ ರಾಶಿ ಗೂಡು ನೋಡುತ್ತೇವೆ, ಆದರೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬಂದರೆ ಎಳೆ ಹಾಳಾಗುತ್ತದೆ ಅಂತ ಗೂಡಿನಿಂದ ನೂಲು ತೆಗೆಯುವ ರೀಲರುಗಳು ಅದಕ್ಕೂ ಮುಂಚೆಯೇ ಗೂಡು ಬೇಯಿಸುತ್ತಾರೆ. ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ಕೆಲಸ ಮಾಡಿದವರನ್ನು ಬಿಟ್ಟರೆ ಹಿಪ್ಪುನೇರಳೆ ಹುಳುವಿನ ಚಿಟ್ಟೆಯನ್ನು ಕಂಡವರೇ ಕಮ್ಮಿ. ಕಂಡರೂ ಅದು ಹಾರಲಾರದ ಬಿಳಿ ಚಿಟ್ಟೆ. ಟಸಾರ್ ಹಾಗಲ್ಲ, ಅಂಗೈಗಿಂತ ದೊಡ್ಡದು, ನಾಲ್ಕೂ ರೆಕ್ಕೆಯ ಮೇಲೆ ಕಣ್ಣಿನಂಥ ಚುಕ್ಕೆ.

ಊಟದ ಚಿಂತೆ ಬಿಡಿ, ಜಾಗದ ಚಿಂತೆ ಮಾಡಿ. ಈಗ ತಾನೇ ಹೊರಬಂದ ಪತಂಗದ ಹೊಟ್ಟೆ ದಪ್ಪ, ರೆಕ್ಕೆ ಮಾತ್ರ ಒದ್ದೆ ಬಟ್ಟೆ ಹಿಂಡಿಟ್ಟ ಹಾಗೆ ಮುದುಡಿರುತ್ತದೆ. ಅದು ಮೇಲೆ ಹತ್ತಿ ಜೋತುಬಿದ್ದು, ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ತಳ್ಳಬೇಕು. ಗಾಜಿನ ಬಾಟ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಕಾಲು ಜಾರಿ ಕೆಳಗೇ ಬಿದ್ದಿರುತ್ತದೆ, ರೆಕ್ಕೆ ಹಾಗೇ ಒಣಗಿಬಿಡುತ್ತದೆ, ಆಮೇಲೆ ಯಾರೂ ಸರಿ ಮಾಡಲಾಗುವುದಿಲ್ಲ. ಒರಟು ಜಾಲರಿ ಸಾಕು. ಗೂಡಿಗೆ ತೊಟ್ಟು ಇರುತ್ತದಲ್ವಾ, ಅದನ್ನೇ ಹಿಡಿದು ಕಟ್ಟಿ. ಬಿಸಿಲು ಬೀಳಬಾರದು, ಇರುವೆ ಹಲ್ಲಿ ಸೇರಬಾರದು. ನಮ್ಮ ಬಯಲುಸೀಮೆಯ ಬೇಸಿಗೆಗೆ ಆಗಾಗ ಸ್ವಲ್ಪ ನೀರು ಚಿಮುಕಿಸಿ.

‘ಯಾವಾಗ ಬರುತ್ತೆ?’ ಅಂತಲೂ ಕೇಳುತ್ತಾರೆ. ಕೆಲವು ಗೂಡು ಚಳಿ, ಬೇಸಿಗೆ ಎಲ್ಲ ಸುಮ್ನೆ ಕಳೆದು ಮಳೆ ಶುರುವಾದ ಮೇಲೇ ಬಿಚ್ಚಿಕೊಳ್ಳುತ್ತವೆ. ತಾಳ್ಮೆಗೆಟ್ಟು ಕತ್ತರಿ ಹಾಕಬೇಡಿ. ಕೈಯಲ್ಲಿ ಹಿಡಿದಾಗ ತೂಕವಿದ್ದರೆ ಕೋಶ (ಪತಂಗವಾಗುವ ಮುಂಚಿನ ಪ್ಯೂಪಾ) ಬದುಕಿದೆ ಅಂತ ಲೆಕ್ಕ. ಹಗುರಾಗಿ ಒಳಗೆ ಗಲಗಲ ಅಂದರೆ ಒಣಗಿದೆ. ಒಮ್ಮೊಮ್ಮೆ ಪತಂಗದ ಬದಲು, ರೇಷ್ಮೆ ಹುಳುವನ್ನೇ ತಿಂದು ಬೆಳೆಯುವ ಊಜಿ ಜಾತಿಯ ನೊಣದ ಹುಳು ಹೊರಬರುತ್ತದೆ. ರೇಷ್ಮೆ ಬೆಳೆಗಾರರಿಗೆ ಆ ಸಂಕಟ ಹೊಸದೇನಲ್ಲ.

ಗರಿಯಂಥ ಅಗಲ ಮೀಸೆಯಿದ್ದರೆ ಗಂಡು. ಅದನ್ನು ಅವತ್ತೇ ರಾತ್ರಿ ಬಿಟ್ಟುಬಿಡಿ. ಹೆಣ್ಣನ್ನು ಜಾಲರಿಯಲ್ಲೇ ಒಂದು ರಾತ್ರಿ ಮಹಡಿ ಮೇಲಿಡಿ, ದೀಪ ಆರಿಸಿ. ಹತ್ತಿರದಲ್ಲಿ ಗಂಡು ಇದ್ದರೆ ಹೆಣ್ಣಿನ ವಾಸನೆ ಹಿಡಿದು ತಾನೇ ಬರುತ್ತದೆ.