‘ಮನೆಯಲ್ಲೇ ಇದ್ದೆ’ ಅಂತ ಬರೀಬೇಡಿ ಸರ್

ಪಿಯುಸಿ ಆದಮೇಲೆ ಒಂದು ವರ್ಷ ಬಿಟ್ಟು ಡಿಗ್ರಿಗೆ ಸೇರಲು ಹೋದರೆ ಗ್ಯಾಪ್ ಅಫಿಡವಿಟ್ ಕೇಳುತ್ತಾರೆ, ಅಂದರೆ ಆ ವರ್ಷ ಏನು ಮಾಡುತ್ತಿದ್ದೆವು ಅಂತ ಪ್ರಮಾಣ ಮಾಡಿ ಬರೆದುಕೊಡುವ ಪತ್ರ. ನನಗೂ ಕೇಳಿದರು. 2023ರ ಜುಲೈ ಕೊನೆಗೆ ಒಂದು ಬೆಳಿಗ್ಗೆ ಅಪ್ಪಾಜಿ ಜೊತೆ ದಾವಣಗೆರೆ ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿಗೆ ಹೋದೆ. ಜರ್ಮನಿಯಿಂದ ಬಂದು ಇನ್ನೂ ಹತ್ತು ದಿನ ಆಗಿರಲಿಲ್ಲ.

ಟೈಪ್ ಮಾಡುವವರ ಹತ್ತಿರ ಎಲ್ಲ ರೆಡಿ ಇತ್ತು. ಹೆಸರು, ತಂದೆ ಹೆಸರು, ವಿಳಾಸ ತುಂಬಿದರೆ ಮುಗೀತು. ‘ಸದರಿ ಅವಧಿಯಲ್ಲಿ ನಾನು ಯಾವುದೇ ಕಾಲೇಜಿನಲ್ಲಿ ವ್ಯಾಸಂಗ ಮಾಡಿರುವುದಿಲ್ಲ, ಮನೆಯಲ್ಲಿಯೇ ಇದ್ದೆನು.’ ಆ ಸಾಲು ಓದಿದಾಗ ನನಗೆ ಗಂಟಲು ಕಟ್ಟಿತು.

“ಸರ್, ನಾನು ಮನೆಯಲ್ಲಿ ಇರಲಿಲ್ಲ.”

“ಎಲ್ಲರಿಗೂ ಹಿಂಗೇ ಹಾಕೋದಮ್ಮ. ಯಾರು ಓದ್ತಾರೆ?”

ನಾನು ಅಪ್ಪಾಜಿ ಮುಖ ನೋಡಿದೆ. ಅವರು ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು.

ನಾನು ಹೋಗಿದ್ದು ಓ ಪೇರ್ ಆಗಿ. ಅದು ಫ್ರೆಂಚ್ ಮಾತು, ಸರಿಸಮಾನ ಅಂತ ಅರ್ಥ. ಒಂದು ಮನೆಯಲ್ಲಿ ಮನೆಯವರ ಹಾಗೆ ಇದ್ದು, ಅವರ ಮಕ್ಕಳನ್ನು ನೋಡಿಕೊಳ್ಳಬೇಕು, ಅಲ್ಲಿನ ಭಾಷೆ ಕಲಿಯಬೇಕು. 18 ತುಂಬಿರಬೇಕು, 27 ಆಗಿರಬಾರದು. ವೀಸಾಕ್ಕೆ ಜರ್ಮನ್ ಭಾಷೆಯ ಮೊದಲ ಹಂತ, ಎ1, ಪಾಸಾಗಿರಬೇಕು. ಅದಕ್ಕಾಗಿ ನಾನು ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದಿದೆ. ವಿಮಾನದ ಖರ್ಚು ನಮ್ಮದೇ, ಅಮ್ಮನ ಚೀಟಿ ದುಡ್ಡು ಅದಕ್ಕೆ ಹೋಯಿತು. ಅಲ್ಲಿ ಊಟ, ಸ್ವಂತ ಕೋಣೆ, ಇನ್ಶೂರೆನ್ಸ್ ಅವರದು. ನನ್ನ ಕೈಗೆ ತಿಂಗಳಿಗೆ 280 ಯೂರೋ ಬರುತ್ತಿತ್ತು, ಆಗ ನಮ್ಮ ಲೆಕ್ಕದಲ್ಲಿ ಸುಮಾರು 25 ಸಾವಿರ. ವಾರಕ್ಕೆ 30 ಗಂಟೆಗಿಂತ ಜಾಸ್ತಿ ಕೆಲಸ ಹೇಳುವ ಹಾಗಿಲ್ಲ. ಹೋಗಬೇಕು ಅನ್ನುವವರು ಇದನ್ನೆಲ್ಲ ಕರಾರಿನಲ್ಲಿ ಓದಿಯೇ ಸಹಿ ಹಾಕಿ, ದಯವಿಟ್ಟು.

ನಮ್ಮ ಮನೆಯಲ್ಲಿ ಜಗಳವಾಗಿದ್ದು ದುಡ್ಡಿಗಲ್ಲ. ಸಿಇಟಿ ರ‍್ಯಾಂಕ್ ಆ ವರ್ಷಕ್ಕೆ ಮಾತ್ರ, ಬಿಟ್ಟರೆ ಹೋಯಿತು ಅನ್ನೋದು ಒಂದು. ಇನ್ನೊಂದು, “ಮಂದಿ ಮಕ್ಕಳ ಅಂಡು ತೊಳೆಯೋಕೆ ಅಲ್ಲಿಗೆ ಹೋಗಬೇಕಾ?” ಅಂತ ದೊಡ್ಡಪ್ಪ ಅಂದ ಮಾತು. ಅಪ್ಪಾಜಿ ಅದಕ್ಕೆ ಉತ್ತರ ಕೊಡಲಿಲ್ಲ. ಆದರೆ ನಾನು ಹೋದಮೇಲೆ ಕೇಳಿದವರಿಗೆಲ್ಲ “ಓದೋಕೆ ಹೋಗಿದಾಳೆ” ಅಂತ ಹೇಳಿಕೊಂಡು ಬಂದರು. ಅಮ್ಮ ಹೇಳಿದ್ದು. ಆ ರಾತ್ರಿ ನಾನು ತುಂಬಾ ಅತ್ತಿದ್ದೆ.

ಜರ್ಮನಿಯ ಲೈಪ್‌ಜಿಗ್‌ ಊರಿಗೆ ಹೋದ ಮೊದಲ ವಾರವೇ, ನವೆಂಬರ್ 11ಕ್ಕೆ, ಸಂತ ಮಾರ್ಟಿನ್ ಹಬ್ಬ. ಮಕ್ಕಳು ಕಾಗದದ ಲಾಂದ್ರ ಹಿಡಿದು ಹಾಡುತ್ತಾ ಬೀದಿಯಲ್ಲಿ ಹೋಗುತ್ತಾರೆ. ನಾನು ನೋಡಿಕೊಳ್ಳುತ್ತಿದ್ದ ಇಬ್ಬರಲ್ಲಿ ಚಿಕ್ಕವನಿಗೆ ಮೂರು ವರ್ಷ. ಅವನು ಒಂದು ಕೈಯಲ್ಲಿ ಲಾಂದ್ರ, ಇನ್ನೊಂದು ಕೈಯಲ್ಲಿ ನನ್ನ ಬೆರಳು ಹಿಡಿದಿದ್ದ. ನನಗೆ ಅವನ ಮಾತು ಅರ್ಧ ಅರ್ಥವಾಗುತ್ತಿರಲಿಲ್ಲ, ಆದರೂ ಅವನು ಬೆರಳು ಬಿಡಲಿಲ್ಲ. ಡಿಸೆಂಬರ್ ಬಂತು, ನಾಲ್ಕು ಗಂಟೆಗೇ ಕತ್ತಲು. ಮಕ್ಕಳಿಗೆ ಊಟ ಮಾಡಿಸಿ, ಮಲಗಿಸಿ, ನನ್ನ ಜರ್ಮನ್ ಹೋಂವರ್ಕ್ ಮುಗಿಸೋ ಹೊತ್ತಿಗೆ ರಾತ್ರಿ ಹತ್ತೂವರೆ. ಆಗ ದಾವಣಗೆರೆಯಲ್ಲಿ ಬೆಳಗಿನ ಜಾವ ಮೂರು ಗಂಟೆ, ಅಪ್ಪಾಜಿ ಮಂಡಕ್ಕಿ ಭಟ್ಟಿಗೆ ಬೆಂಕಿ ಹಾಕುವ ಸಮಯ. ಊರೆಲ್ಲ ಮಲಗಿರುವಾಗ ನಮ್ಮಿಬ್ಬರಿಗೂ ಎಚ್ಚರ. ಹಾಗಾಗಿ ಫೋನ್ ಮಾಡುತ್ತಿದ್ದೆ. ಅವರು ಮೊಬೈಲನ್ನು ಮೂಟೆಗೆ ಒರಗಿಸಿಟ್ಟು ಕೆಲಸ ಮಾಡುತ್ತಲೇ ಇರುತ್ತಿದ್ದರು, ನಾನು ಇವತ್ತು ಚಿಕ್ಕವನು ಬಿದ್ದ, ದೊಡ್ಡವಳು ಶೂ ಲೇಸ್ ಕಟ್ಟೋದು ಕಲಿತಳು, ಹೀಗೆ ಏನೇನೋ ಹೇಳುತ್ತಿದ್ದೆ. “ಹೂಂ” ಅನ್ನೋದು ಬಿಟ್ಟರೆ ಅವರು ಏನೂ ಹೇಳುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದಾರೋ ಇಲ್ಲವೋ ಅಂತ ನನಗೆ ಎಷ್ಟೋ ಸಲ ಅನಿಸಿತ್ತು.

ಟೈಪಿಂಗ್ ಅಂಗಡಿಯಲ್ಲಿ ನಾನು ಮತ್ತೆ ಹೇಳಿದೆ. “ಸರ್, ಅದು ಸುಳ್ಳಾಗುತ್ತೆ. ಪ್ರಮಾಣ ಮಾಡಿ ಸಹಿ ಹಾಕೋ ಪತ್ರ ಅಲ್ವಾ ಇದು?”

ಅವರಿಗೆ ಬೇಜಾರಾಯಿತು. ಹಿಂದೆ ಇನ್ನೂ ಐದಾರು ಜನ ನಿಂತಿದ್ದರು. “ಸರಿ, ಏನಂತ ಹಾಕಲಿ? ವಿದೇಶದಲ್ಲಿ ಓದುತ್ತಿದ್ದೆ ಅಂತಲಾ?”

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪಾಜಿ ಮುಂದೆ ಬಂದರು. “ಓದೋಕಲ್ಲ. ಕೆಲಸಕ್ಕೆ ಹೋಗಿದ್ದಳು. ಜರ್ಮನಿಯಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಕೆಲಸ. ನವೆಂಬರ್ 5ರಿಂದ ಜುಲೈ 20ರ ತನಕ. ಬರ‍್ಕೊಳ್ಳಿ.”

ತಾರೀಖು ನಾನು ಹೇಳಿಕೊಟ್ಟಿರಲಿಲ್ಲ.

ಅವರು ಟೈಪ್ ಮಾಡುತ್ತಾ ಸುಮ್ನೆ ಮಾತಿಗೆ ಕೇಳಿದರು, “ಎಷ್ಟು ಮಕ್ಕಳು?”

“ಎರಡು” ಅಂದರು ಅಪ್ಪಾಜಿ. “ದೊಡ್ಡದು ಹೆಣ್ಣು, ಈಗ ಶಾಲೆಗೆ ಸೇರ್ತಾಳೆ. ಚಿಕ್ಕವನಿಗೆ ಹಾಲು ಆಗಿಬರಲ್ಲ, ಓಟ್ಸ್ ಹಾಲೇ ಕೊಡಬೇಕು.”